ವಿಮಾನ ಸರಳ ಮಾಡಿಕೊಡು ಅಂತ ನಾ ಕೇಳಿದ್ನೇನು?

ಹಬ್ಬಕ್ಕ ಊರಿಗೆ ಬಂದ ಮಗ ಬೆಂಗಳೂರಿಗೆ ಹೊರಡೋ ಮುಂದ ನನಗ ಒಂದು ಉಪಕಾರ ಮಾಡಿ ಹೋದ. ಉಪಕಾರ ಅಂತ ಅಂವಗ ಅನಿಸೇತಿ. ನನಗ ಸಿಟ್ಟು ಬಂದೈತಿ. ಅದಕ್ಕ ಇವತ್ತ ರೊಟ್ಟಿ ಬಡದು ಮುಗಿಸಿದಾಕಿನ ಬರಿಯಾಕ ಕುಂತೇನಿ.

ಅಂವನ ಹಳೇ ಕಂಪ್ಯೂಟರ್ ನಮ್ಮ ಪಡಸಾಲ್ಯಾಗ ಐತಿ. ಅದರಾಗ ವಿಮಾನ ಹಾರಸೋ ಸಿಮ್ಯುಲೇಟರ್, ಜೋಡಿಗೆ ಒಂದು ಜಾಯ್‌ಸ್ಟಿಕ್. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ನಾನು ಸೆಸ್ನಾ 172 ತಗೊಂಡು ಹುಬ್ಬಳ್ಳಿ ಗೋಕುಲ ರೋಡಿನ ನಿಲ್ದಾಣದಿಂದ ಎದ್ದು, ನವಲಗುಂದದ ದಿಕ್ಕಿಗೆ ಬಂದು, ಬೆಣ್ಣಿಹಳ್ಳ ಕಂಡಲ್ಲೆ ಒಂದು ಸುತ್ತು ಹೊಡದು ವಾಪಸ್ ಇಳಿತೇನಿ. ನಗೋರು ನಗ್ರಿ. ಧಾರಾವಾಹಿ ನೋಡೂದಕ್ಕ ಯಾರೂ ನಗಂಗಿಲ್ಲ, ಇದಕ್ಕ ನಗ್ತೀರಿ.

ನೆಲದ ಮ್ಯಾಲೆ ವಿಮಾನ ನಡಿಸೂದ್ರಾಗ ನಾ ಒದ್ದಾಡತಿದ್ದೆ, ಅದು ಖರೇ. ಮಗ ಅದನ್ನ ನೋಡಿದ. ಸೆಟ್ಟಿಂಗ್ಸಿಗೆ ಹೋಗಿ ರಡ್ಡರ್ ತಾನ ಹೊಂದಿಸಿಕೊಳ್ಳೋ ಹಂಗ ಮಾಡಿದ, ಬಗಲಿನ ಗಾಳಿ ತಗದ, ಎರಡೂ ಬ್ರೇಕು ಕೂಡಿಸಿದ, ಬಡದ್ರೂ ಏನೂ ಮುರೀಬಾರ್ದು ಅಂತ ಹಾಕಿದ. "ಅವ್ವಾ, ಸರಳ ಮಾಡೇನಿ. ಹಾರೂದು ಮುಖ್ಯ ಅಲ್ಲೇನು, ನೆಲದ್ದೇನ್ ಐತಿ?" ಅಂದ.

ಈ ಮಾತಿಗೇ ನನ್ನ ತಕರಾರು.

ನೆಲದ್ದೇನ್ ಐತಿ ಅಂತಿ? 2015ರ ಮಾರ್ಚ್ 8ಕ್ಕ ಬೆಂಗಳೂರಿಂದ ಬಂದ ಕ್ಯೂ400 ವಿಮಾನ ನಮ್ಮ ಹುಬ್ಬಳ್ಳಿಯಾಗನ ಮಳಿಯೊಳಗ ಇಳೀತು. ಇಳದ ಮ್ಯಾಲೆ ಬಗಲಿಗೆ ಸರದು ರನ್‌ವೇ ಬಿಟ್ಟು ಹೊರಗ ಹೋತು. ಗಾಲಿಯ ಕಾಲು ಮುರದು, ಮತ್ತ ಹಾರಸಾಕ ಬರದಂಗಾತು. ದೇವರ ದಯಾ, ಜೀವ ಯಾರ್ದೂ ಹೋಗಲಿಲ್ಲ. 2010ರ ಮೇ 22ಕ್ಕ ಮಂಗಳೂರಿನಾಗ ಅಂಥಾ ದಯಾ ಇರಲಿಲ್ಲ. ರನ್‌ವೇದ ಮ್ಯಾಲೆ ಭಾಳ ಮುಂದ ಹೋಗಿ ನೆಲಾ ಮುಟ್ಟಿದ ವಿಮಾನ, ನಿಲ್ಲಾಕ ಜಾಗಾ ಸಾಲದ ಗುಡ್ಡದ ತಳಗ ಬಿತ್ತು, 158 ಮಂದಿ ಹೋದರು. ಜಗತ್ತಿನ ವಿಮಾನ ಅಪಘಾತದಾಗ ಅತೀ ಹೆಚ್ಚು ಮಂದಿ ಸತ್ತಿದ್ದು 1977ರಾಗ ಟೆನೆರಿಫ್ ಅನ್ನೋ ದ್ವೀಪದಾಗ. 583 ಮಂದಿ. ಅಲ್ಲೆ ಎರಡು ಜಂಬೋ ವಿಮಾನ ಡಿಕ್ಕಿ ಹೊಡದದ್ದು ಆಕಾಶದಾಗ ಅಲ್ಲ, ರನ್‌ವೇದ ಮ್ಯಾಲೆ. ಮೂರರ ಕಾರಣಾನೂ ಬ್ಯಾರೆ ಬ್ಯಾರೆ, ಆದ್ರ ಮೂರೂ ಕತಿ ಮುಗದದ್ದು ನೆಲದ ಮ್ಯಾಲೆ.

ಮಗಾ ಹೇಳತಾನ, "ಅವ್ವಾ, ನೀ ಏನ್ ಪೈಲಟ್ ಆಗಾಕಿ ಏನು?" ನಾ ಆಗಂಗಿಲ್ಲ. ಆದ್ರ ಸೂಟಿಗೆ ಇಲ್ಲೇ ಉಳಕೊಂಡ ಮೊಮ್ಮಗಳು ಆಗತೇನಿ ಅಂತಾಳ. ಒಂಬತ್ತು ವರ್ಷದಾಕಿ. ಅಪ್ಪ ಸರಳ ಮಾಡಿಟ್ಟ ವಿಮಾನಾನ ಆಕಿ ಮೊನ್ನಿ ಇಳಿಸಿದ್ಲು. ಗಾಲಿ ನೆಲಾ ಮುಟ್ಟಿದ ಕೂಡ್ಲೆ ಕೋಲು ಬಿಟ್ಟು ಚಪ್ಪಾಳಿ ಹೊಡದ್ಲು. ವಿಮಾನ ಹಗ್ಗಾ ಎಳದಂಗ ನೆಟ್ಟಗ ಹೋತು. ಆಕಿ ನನ್ನ ಕಡೆ ಹೊಳ್ಳಿ, "ಆಯಿ, ಮುಗೀತು" ಅಂದ್ಲು. ನನಗ ಎದಿ ಧಸಕ್ಕಂತು. ಮುಗಿದಿರಂಗಿಲ್ಲ, ಕೂಸ. ಎಲ್ಲೆ ಮುಗಿದಿರಂಗಿಲ್ಲೋ ಅಲ್ಲೇ ಮುಗೀತು ಅಂತ ನಿನಗ ಯಂತ್ರ ಕಲಿಸೇತಿ.

ಈಗ ಮಗನ ಕಡೆ ಇದ್ದ ನ್ಯಾಯಾನೂ ಹೇಳತೇನಿ. ಮೊದಲಿನ ಸೆಟ್ಟಿಂಗಿನಾಗ ವಿಮಾನ ನೆಲದ ಮ್ಯಾಲೆ ಹುಚ್ಚು ಹಿಡಿದಂಗ ಆಡತಿತ್ತು. ಕೋಲು ಒಂದು ಕೂದಲಷ್ಟು ತಿರುವಿದ್ರ ಮೂತಿ ಹುಲ್ಲಿನ ಕಡೆ. ಆದ್ರ ಅದು ನೆಲದ ತಪ್ಪೇನು? ಗಾಳಿ ತಪ್ಪೇನು? ನಮ್ಮ ಪ್ಲಾಸ್ಟಿಕ್ ಕೋಲಿನ ತಪ್ಪು. ಖರೇ ಸೆಸ್ನಾದಾಗ ಮುಂದಿನ ಗಾಲಿಯನ್ನ ಕಾಲಿನಿಂದ ತಿರಗಸ್ತಾರ, ಪೆಡಲಿಗೆ ಸುಮಾರು 10 ಡಿಗ್ರಿ ತಿರಗತೈತಿ, ಅದಕ್ಕೂ ಹೆಚ್ಚು ಬೇಕಂದ್ರ ಒಂದು ಕಡೆ ಬ್ರೇಕು ತುಳೀಬೇಕು. ಬೋಯಿಂಗ್ 737ರಾಗ ಪೆಡಲಿಗೆ ಬರೀ 7 ಡಿಗ್ರಿ. ದೊಡ್ಡ ತಿರುವಿಗೆ ಕೈಯಾಗ ಬ್ಯಾರೆ ಟಿಲ್ಲರ್ ಇರತೈತಿ, ಹೊಲದಾಗಿನ ಟಿಲ್ಲರ್ ಅಲ್ಲ, ಸಣ್ಣ ಸ್ಟೇರಿಂಗ್ ಇದ್ದಂಗ. ಅದಕ್ಕ 78 ಡಿಗ್ರಿ ತನಕ ತಿರಗತೈತಿ. ಎರಡು ಕಾಲು ಒಂದು ಕೈ ಮಾಡೋ ಕೆಲಸಾನೆಲ್ಲ ನಾವು ಒಂದು ಕೋಲಿನ ಸಣ್ಣ ತಿರುವಿಗೆ ಕಟ್ಟಿದ್ರ ಅದು ಜಿಗೀದ ಏನ್ ಮಾಡೀತು?

ಹಂಗಾದ್ರ ಸರಿ ಮಾಡಬೇಕಾದದ್ದು ಕೋಲು. ಅದರ ಸೆನ್ಸಿಟಿವಿಟಿ ಕಡಿಮಿ ಮಾಡು, ನಡುವಿನಾಗ ಸ್ವಲ್ಪ ಸತ್ತ ಜಾಗಾ ಬಿಡು, ಟಿಲ್ಲರಿಗೆ ಬ್ಯಾರೆ ಲಿವರ್ ಕೊಡು, ಎಡಬಲದ ಬ್ರೇಕು ಬ್ಯಾರೆ ಬ್ಯಾರೆ ಇಡು. ಕೈಗೆ ಬೇಕಾದಂಗ ಕೋಲು ಹೊಂದಿಸು, ಭೂಮಿನ್ನ ಸುಳ್ಳು ಮಾಡಬ್ಯಾಡ. ಚಪ್ಪಲಿ ಕಚ್ಚಿದ್ರ ಚಪ್ಪಲಿ ಬದಲಿ ಮಾಡತಾರ, ಕಾಲು ಕಡಿಯಂಗಿಲ್ಲ.

ಬ್ರೇಕು ಕೂಡಿಸಿದ್ದಂತೂ ನನಗ ಅವಮಾನ. ಯಜಮಾನ್ರಿಗೆ ಆರಾಮ ಇಲ್ಲದಾಗ ಎರಡು ಹಂಗಾಮ ಟ್ರ್ಯಾಕ್ಟರ್ ನಡಿಸಿದಾಕಿ ನಾನು. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಬದುವಿಗೆ ಬಂದಾಗ ಒಂದನ್ನ ತುಳದ್ರ ನಿಂತಲ್ಲೇ ತಿರಗತೈತಿ. ರೋಡಿಗೆ ಏರಿದಾಗ ಎರಡಕ್ಕೂ ಕೊಂಡಿ ಹಾಕಬೇಕು, ಮರತು ಜೋರಿನಾಗ ಒಂದನ್ನ ತುಳದ್ರ ಪಲ್ಟಿ. ಎರಿ ಹೊಲದಾಗ ಮಳಿ ಆದ ಮ್ಯಾಲೆ ಗಾಲಿ ಹೆಂಗ ಹಿಡಿತೈತಿ, ಹೆಂಗ ಬಿಡತೈತಿ ಅನ್ನೂದು ನನ್ನ ಕಾಲಿಗೆ ಗೊತ್ತು. ವಿಮಾನದ ಬ್ರೇಕೂ ಎಡಕ್ಕೊಂದು ಬಲಕ್ಕೊಂದು. ನನಗ ಗೊತ್ತಿದ್ದ ಒಂದ ವಿದ್ಯಾನ್ನೂ ಕಸಗೊಂಡು "ಸರಳ ಮಾಡೇನಿ" ಅಂದ್ರ ಹೆಂಗ?

ಗಾಳಿ ತಗದದ್ದೂ ಹಂಗ. ವಿಮಾನದ ಬಾಲ ಗಾಲಿಗಿಂತ ಭಾಳ ಹಿಂದ ಇರತೈತಿ, ಅದರ ಮ್ಯಾಲೆ ನಿಂತ ರೆಕ್ಕಿ ಮೊರದಂಗ ಅಗಲ. ಬಗಲಿಂದ ಗಾಳಿ ಬಡೀತಂದ್ರ ಬಾಲ ಆ ಕಡೆ ಹೋಗತೈತಿ, ಮೂತಿ ಗಾಳಿ ಕಡೆ ಹೊಳ್ಳತೈತಿ. ಅದಕ್ಕ ಮೆತ್ತಗ ಎದುರು ಪೆಡಲ್ ಕೊಡಬೇಕು, ಗಾಳಿ ಮುಂದಿನ ಬಗಲಿಂದ ಬಂದ್ರ ಕೋಲು ಗಾಳಿ ಕಡೆ ವಾಲಿಸಬೇಕು, ಹಿಂದಿನ ಬಗಲಿಂದ ಬಂದ್ರ ಅದರ ವಿರುದ್ಧ. ಆಷಾಢದಾಗ ನಮ್ಮ ಕಡೆ ಹಂಚು ಹಾರೋವಂಥಾ ಗಾಳಿ ಬೀಸೂದು ಕಂಡಾಕಿ ನಾ, ಹುಬ್ಬಳ್ಳಿಯಾಗ ಗಾಳೀನ ಇಲ್ಲ ಅಂದ್ರ ನಂಬಲೇನು?

ಇನ್ನೊಂದು ಜಾತಿ ಮಂದಿ ಅದಾರ, ಅವರಿಗೂ ಹೇಳಬೇಕು. ಇವರು ಎಲ್ಲಾ ಸೆಟ್ಟಿಂಗೂ ತುದಿಗೆ ಎಳದು, "ನಂದು ಫುಲ್ ರಿಯಲ್" ಅಂತ ಎದಿ ಉಬ್ಬಸ್ತಾರ. ಕಷ್ಟ ಆತಂದ್ರ ಖರೇ ಆತು ಅಂತ ಇವರ ಲೆಕ್ಕ. ಒಂದು ಟನ್ನಿನ ವಿಮಾನ ಸೋಪಿನ ಮ್ಯಾಲಿನ ಗೋಲಿಯಂಗ ಜಾರಿದ್ರ ಅದೂ ಸುಳ್ಳ. ಖಾರ ಹೆಚ್ಚಾದ ಕೂಡ್ಲೆ ಸಾರು ರುಚಿ ಆಗಂಗಿಲ್ಲ.

ನಾ ಮಾಡೋ ಪರೀಕ್ಷಾ ಹೇಳತೇನಿ. ಮೊದಲು ಗಾಳಿ ಬಂದ್ ಮಾಡಿ, ಮನಷ್ಯಾ ನಡಿಯೋ ವೇಗದಾಗ ಹೋಗ್ರಿ. ಕೈ ಬಿಟ್ರ ಹೆಚ್ಚುಕಡಿಮಿ ನೆಟ್ಟಗ ಹೋಗಬೇಕು. ಆಮ್ಯಾಲೆ ಎಡ ಬ್ರೇಕ್ ಅಷ್ಟ ತುಳೀರಿ, ಎಡಕ್ಕ ತಿರಗಬೇಕು. ಆಮ್ಯಾಲೆ ಬಗಲಿಂದ 10 ನಾಟ್ ಗಾಳಿ ಹಾಕ್ರಿ. ಮೂತಿ ಗಾಳಿ ಕಡೆ ಹೊಳ್ಳಾಕ ನೋಡಬೇಕು, ಸಣ್ಣ ಪೆಡಲಿಗೆ ಮಾತು ಕೇಳಬೇಕು. ಅಲುಗಾಡಲೇ ಇಲ್ಲ ಅಂದ್ರ ಯಾರೋ ನಿಮ್ಮನ್ನ ಕೂಸು ಮಾಡ್ಯಾರ. ಗಿರಿಗಿಟ್ಲಿ ತಿರಗಿತಂದ್ರ ಕೋಲಿನ ಸೆಟ್ಟಿಂಗ್ ನೋಡ್ರಿ. ಕಡೀಕ ಪೂರಾ ಜೋರು ಕೊಟ್ಟು ಓಡಸ್ರಿ, ಫ್ಯಾನಿನ ಜೋರಿಗೆ ವಿಮಾನ ಎಡಕ್ಕ ಎಳೀಬೇಕು, ನೀವು ಬಲಗಾಲು ಕೊಡಬೇಕು.

ಮಗ ಹಾಕಿದ್ದನ್ನೆಲ್ಲ ನಿನ್ನಿ ನಾನ ತಗದೆ, ಕೋಲಿಂದ ಅಷ್ಟ ಮೆತ್ತಗ ಮಾಡಿದೆ. ಮೊಮ್ಮಗಳು ಇಳಿಸಿದ್ಲು, ರೂಢಿಯಂಗ ಚಪ್ಪಾಳಿ ಹೊಡದ್ಲು. ವಿಮಾನ ಹುಲ್ಲಿಗೆ ಹೋಗಿ ರೆಕ್ಕಿ ತಾಗಿಸಿಕೊಂಡು ನಿಂತಿತು. ಆಕಿ ಅತ್ತಳು. ನಾ ಸುಮ್ಮನ ಒಂದು ಉಂಡಿ ಕೊಟ್ಟೆ. ಸಂಜಿಕ ಆಕೀನ ಬಂದು ಕುಂತ್ಲು, ನಾಕನೇ ಸಲಕ್ಕ ನಿಲ್ಲೋ ತನಕ ಕೋಲು ಬಿಡಲಿಲ್ಲ. ನಿಂತ ಮ್ಯಾಲೂ ಬ್ರೇಕ್ ಹಿಡಕೊಂಡ ಕೇಳಿದ್ಲು, "ಆಯಿ, ಈಗ ಬಿಡ್ಲೇನು?"

ತಮ್ಮಾ, ನಿನ್ನ ಪ್ರೀತಿ ನನಗ ತಿಳೀತೈತಿ. ಮುಂದಿನ ಸಲ ಬಂದಾಗ ಸೆಟ್ಟಿಂಗ್ಸ್ ಮುಟ್ಟಬ್ಯಾಡ. ಅಷ್ಟು ಕರುಳು ಇದ್ರ ಕಾಲಿನ ಪೆಡಲ್ ತಂದು ಕೊಡು. ಆಕೀ ಕಾಲಿಗೂ ಎಟಕೋವಂಥಾವು ನೋಡಿ ತಾ.