ಮಗುವೂ ಮನೆಯ ನಾಯಿಯೂ

1939ನೆಯ ಸಪ್ಟೆಂಬರ 1ರಂದು ಇಂಗ್ಲೆಂಡದ ಸರಕಾರವು ಬಾಂಬಿನ ಭಯದಿಂದ ಪಟ್ಟಣಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸತೊಡಗಿತು. ಮೂರು ದಿನಗಳಲ್ಲಿ ತಾಯಂದಿರೂ ಮಕ್ಕಳೂ ಸೇರಿ ಸುಮಾರು 15 ಲಕ್ಷ ಜನರು ಮನೆ ಬಿಟ್ಟರು. ಮಗುವಿನ ಅಂಗಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷವಾಯುವಿನ ಮುಖವಾಡ. ಸಾಕಿದ ನಾಯಿಗೆ ಮಾತ್ರ ಆ ರೈಲಿನಲ್ಲಿ ಎಡೆಯಿರಲಿಲ್ಲ. ಲಂಡನ್ ಒಂದರಲ್ಲಿಯೇ ವಾರದೊಳಗಾಗಿ ಸುಮಾರು 4 ಲಕ್ಷ ನಾಯಿ-ಬೆಕ್ಕುಗಳನ್ನು ಸಾಕಿದವರೇ ಕೊಲ್ಲಿಸಿದರು. ಸರಕಾರದ ಆಜ್ಞೆಯೇನೂ ಇರಲಿಲ್ಲ, ಭೀತಿಯೇ ಆಜ್ಞೆಯಾಯಿತು. ಆ ನಗರದ ಮೇಲೆ ಬಾಂಬುಗಳ ಮಳೆಯು ಮೊದಲಾದುದು 1940ರ ಸಪ್ಟೆಂಬರದಲ್ಲಿ. ಅಷ್ಟರೊಳಗೆ ಎಷ್ಟೋ ಮಕ್ಕಳು ಮನೆಗೆ ಮರಳಿದ್ದರು. "ನನ್ನ ನಾಯಿ ಎಲ್ಲಿ?" ಎಂದು ಕೇಳಿದ ಮಗುವಿಗೆ ಹಿರಿಯರು ಏನು ಹೇಳಿಯಾರು?

ನಮ್ಮ ಧರ್ಮರಾಯನು ಬೆನ್ನುಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಒಪ್ಪಲಿಲ್ಲ. ಆಶ್ರಿತರನ್ನು ಕೈಬಿಡಲಾಗದೆಂಬ ಆ ಧರ್ಮವು ಮಗುವಿಗೆ ಉಪದೇಶವಿಲ್ಲದೆಯೇ ತಿಳಿದಿರುತ್ತದೆ.

ಇದು ದೂರದೇಶದ ಮಾತೆಂದು ವಾಚಕರು ಎಣಿಸಬಾರದು. ಯುದ್ಧವು ಬಾರದಿದ್ದರೂ ನೆರೆಯು ಬರುತ್ತದೆ. 2019ರ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಲು ಖಾನಾಪುರದ ಮನೆಗಳಿಗೆ ನೀರು ನುಗ್ಗಿತು. ಬೆಳಗಾವಿಯ ತಗ್ಗಿನ ಓಣಿಗಳೂ ಜಲಮಯವಾದವು. ಗಂಟು ಕಟ್ಟುವ ಅವಸರದಲ್ಲಿ ವಿವೇಕವು ದೊರೆಯಲಾರದು. ಆದುದರಿಂದ ಮಳೆಗಾಲಕ್ಕೆ ಮೊದಲೇ, ಆಪತ್ತಿನಲ್ಲಿ ನಾಯಿಯನ್ನು ಯಾರ ಮನೆಯಲ್ಲಿರಿಸಬೇಕೆಂಬುದನ್ನು ಮಗುವಿನೊಡನೆ ಕುಳಿತು ನಿಶ್ಚಯಿಸಿರಿ. ಅದರ ಹಗ್ಗವನ್ನು ಬಾಗಿಲ ಬಳಿಯೇ ತೂಗಹಾಕಿರಿ. ಬಿಟ್ಟುಹೋಗುವ ಅನಿವಾರ್ಯವೊದಗಿದರೆ ಕಟ್ಟಿಹಾಕಿ ಹೋಗಬೇಡಿರಿ. ಮಗುವಿಗೆ ನಡೆದುದನ್ನೇ ಹೇಳಿರಿ. ಅಗಲಿಕೆಯನ್ನು ಅದು ತಾಳೀತು, ಮೋಸವನ್ನು ಮರೆಯದು.