ಹಣೇಬಾರ ಅಲ್ರೀ, ಹವಾ ಇಲ್ಲದ ಟೈರು!

ಹೆದ್ದಾರಿಯಲ್ಲಿ ಗಾಡಿ ಉರುಳಿತು ಅಂತ ಸುದ್ದಿ ಬಂದ ಕೂಡಲೇ ನಮ್ಮ ಕಟ್ಟೆಯ ಮೇಲೆ ಬರುವ ಮೊದಲ ಮಾತು: "ಹಣ್ಯಾಗ ಬರದದ್ದು ತಪ್ಪತದೇನ್ರೀ?" ಎರಡನೆಯದು: "ಡ್ರೈವರ್ ಕುಡಿದಿದ್ನೇನು?" ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: "ಟೈರ್ ಹ್ಯಾಂಗಿದ್ದವು?" ಆ ಮೂರನೆಯ ಪ್ರಶ್ನೆಗಾಗಿಯೇ ಈ ಬರಹ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಸುದ್ದಿಗೆ ಓಡಾಡಲು ನಾವು ಗೆಳೆಯರು ಸೇರಿ ಒಂದು ಹಳೆಯ ಕಾರು ಇಟ್ಟುಕೊಂಡಿದ್ದೇವೆ. ಹೋದ ಬೇಸಿಗೆಯಲ್ಲಿ ಮಂಠಾಳದಿಂದ ಹೊರಟು, ಹೆದ್ದಾರಿ ಹಿಡಿದು ಹುಮನಾಬಾದ್ ಕಡೆ ಹೊರಟಿದ್ದೆವು. ಮಟಮಟ ಮಧ್ಯಾಹ್ನ. ಎಡಗಡೆಯ ಹಿಂದಿನ ಟೈರ್ ಢಬ್ ಎಂದು ಸಿಡಿಯಿತು. ಒಳಗೆ ಐದು ಮಂದಿ. ಗಾಡಿ ಹಾವಿನಂತೆ ಹೊರಳಾಡಿ ರೋಡಿನ ಅಂಚಿಗೆ ಹೋಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಇದನ್ನು ಬರೆಯಲು ಉಳಿದಿದ್ದೇವೆ. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಹವಾ ಇಲ್ಲ!

ಪಂಚರ್ ಅಂಗಡಿಯ ಅಣ್ಣ ಸಿಡಿದ ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿಗೆ ಬೆರಳಿಟ್ಟು ತೋರಿಸಿದ: 1813. ಅಂದರೆ 2013ನೇ ಇಸವಿಯ 18ನೇ ವಾರ ತಯಾರಾದ ಟೈರು. ಗೀರು ಇನ್ನೂ ಚೆನ್ನಾಗಿದ್ದವು, ಆದರೆ ರಬ್ಬರ್ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಊರೂರು ತಿರುಗಿ ಮಂದಿಯ ತಪ್ಪು ಬರೆಯುವ ನಮಗೆ ನಮ್ಮದೇ ಗಾಡಿಯ ನಾಲ್ಕು ಅಂಕಿ ಓದಲು ಬಂದಿರಲಿಲ್ಲ. ಇದನ್ನು ಹಣೇಬಾರ ಎನ್ನೋಣವೇ? ನಾವಂತೂ ಎನ್ನುವುದಿಲ್ಲ.

ನಮ್ಮ ಕಡೆ ಇನ್ನೊಂದು ಮಾತು ಓಡಾಡುತ್ತದೆ. "ಬ್ಯಾಸಿಗ್ಯಾಗ ಹವಾ ಕಮ್ಮಿ ಇಡಬೇಕ್ರಿ, ಇಲ್ಲಂದ್ರ ಟೈರ್ ಸಿಡಿತದ." ಇದು ತಲೆಕೆಳಗಾದ ಬುದ್ಧಿ. ಹವಾ ಕಮ್ಮಿಯಾದ ಟೈರು ಓಡುವಾಗ ಪಕ್ಕದ ಗೋಡೆ ಹೆಚ್ಚು ಮಡಚಿ ಮಡಚಿ ಬಿಸಿಯಾಗುತ್ತದೆ. ಮೇಲೆ ಏಪ್ರಿಲ್ ಬಿಸಿಲು, ಕೆಳಗೆ ಕಾದ ಡಾಂಬರು, ಒಳಗೆ ಏಳು ಮಂದಿ, ಡಿಕ್ಕಿಯಲ್ಲಿ ಜೋಳದ ಚೀಲ. ಸಿಡಿಯದೆ ಏನು ಮಾಡೀತು? ಎಷ್ಟು ಹವಾ ಬೇಕೆಂದು ಗಾಡಿಯೇ ಹೇಳುತ್ತದೆ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿಗೆ ಅಂಟಿಸಿದ ಚೀಟಿ ಕಾಣುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು, ಗಾಡಿ ತುಂಬಿದಾಗ ಎಷ್ಟು, ಎಲ್ಲ ಅದರಲ್ಲಿದೆ. ಮುಂಜಾನೆ ಟೈರು ತಣ್ಣಗಿದ್ದಾಗ ಅಷ್ಟು ಹಾಕಿಸಿ. ಸ್ಟೆಪ್ನಿಗೂ ಹಾಕಿಸಿ. ನೈಟ್ರೋಜನ್ ಹಾಕಿಸಿದ್ದೇನೆ, ಇನ್ನು ನೋಡಬೇಕಿಲ್ಲ ಎನ್ನುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಯಾವ ಗಾಳಿಯಾದರೂ ನಡೆಯುತ್ತದೆ, ಅಳತೆ ಸರಿ ಇರಬೇಕು ಅಷ್ಟೇ.

ಈಗ ಬೆಲ್ಟಿನ ಮಾತು. ಬೆಲ್ಟ್ ಹಾಕದಿದ್ದರೆ ಗಾಡಿ ಕೂಗುತ್ತದೆ. ಆ ಕೂಗು ಅಡಗಿಸಲು ನಮ್ಮ ಜಾಣರು ಒಂದು ಖೊಟ್ಟಿ ಕ್ಲಿಪ್ ತಂದು ಸಿಕ್ಕಿಸುತ್ತಾರೆ. ಜೀವ ಉಳಿಸು ಎಂದು ಕೂಗುವ ಗಾಡಿಯ ಬಾಯಿಗೆ ಬಟ್ಟೆ ತುರುಕಲು ದುಡ್ಡು ಕೊಡುವವರು ನಾವು! 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳಿಗೆ ಈ ಕ್ಲಿಪ್ ಮಾರಾಟ ನಿಲ್ಲಿಸಿ ಎಂದು ಆದೇಶ ಮಾಡಿತು. ಹಾಗಿದ್ದೂ ಕ್ಲಿಪ್ ಸಿಕ್ಕಿಸಿದ ಗಾಡಿಗಳನ್ನು ನಾವು ಇನ್ನೂ ಕಾಣುತ್ತಿದ್ದೇವೆ.

"ಹಿಂದ ಕುಂತವರಿಗಿ ಬೆಲ್ಟ್ ಯಾಕ್ರಿ?" ಎನ್ನುತ್ತೀರಿ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ದುಬಾರಿ ಗಾಡಿ, ದೊಡ್ಡ ಮನುಷ್ಯ, ಯಾವುದೂ ಕಾಯಲಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಗೋಡೆಗೆ ಹೊಡೆದರೆ, ಬೆಲ್ಟ್ ಇಲ್ಲದ ದೇಹಕ್ಕೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಮೂರಂತಸ್ತಿನ ಮನೆಯ ಮಾಳಿಗೆಯಿಂದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಯಾರಾದರೂ ಜಿಗಿಯುತ್ತಾರೆಯೇ? ಆದರೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೊರಟಾಗ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತೇವೆ. ಮುಂದೆ ಏರ್‌ಬ್ಯಾಗ್ ಇದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ತೆರೆದು ಆ ಕೂಸಿನ ಮುಖಕ್ಕೇ ಬಡಿಯುತ್ತದೆ. ಮಕ್ಕಳ ಜಾಗ ಹಿಂದಿನ ಸೀಟು. ಇದರಲ್ಲಿ ಮುಲಾಜು ಬೇಡ.

ನಮ್ಮನ್ನು ಬೈಯುವವರೂ ಇದ್ದಾರೆ. "ನೀವು ಗಾಡಿ ಇದ್ದವರನ್ನೇ ಹಿಡಿದೀರಿ. ರಾತ್ರಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ಕಾಣಲ್ಲೇನು? ಬಣ್ಣ ಬಳಿಯದ ಸ್ಪೀಡ್ ಬ್ರೇಕರ್ ಕಾಣಲ್ಲೇನು?" ಕಾಣುತ್ತದೆ, ಅವುಗಳನ್ನೂ ಬರೆಯುತ್ತೇವೆ. ಟ್ರಾಲಿಯ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸದ ಮಾಲೀಕನೂ ತಪ್ಪಿತಸ್ಥನೇ. ಆದರೆ 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರು ಟ್ರಾಲಿ ಕಂಡಾಗ ಕೈಗೆ ಬರುವುದು ನಿಮ್ಮ ಬ್ರೇಕು ಮತ್ತು ನಿಮ್ಮ ಟೈರು. ಸರಕಾರದ ತಪ್ಪು ಆಗ ಬಂದು ನಿಮ್ಮ ಬ್ರೇಕ್ ಒತ್ತುವುದಿಲ್ಲ.

"ರೊಕ್ಕ ಎಲ್ಲಿಂದ ತರಬೇಕ್ರಿ?" ಎನ್ನುವುದು ಇನ್ನೊಂದು ಮಾತು. ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ನಾಲ್ಕು ಹೊಸ ಟೈರು ಸಣ್ಣ ಖರ್ಚಲ್ಲ. ಆದರೆ ಹವಾ ನೋಡುವುದಕ್ಕೆ, ಬೆಲ್ಟ್ ಹಾಕುವುದಕ್ಕೆ, ಎದುರಿನ ಗಾಡಿ ಬಂದಾಗ ಡಿಪ್ಪರ್ ಒತ್ತುವುದಕ್ಕೆ, ಬ್ರೇಕ್ ಆಯಿಲ್ ಡಬ್ಬಿಯ ಗೆರೆ ನೋಡುವುದಕ್ಕೆ ಎಷ್ಟು ಖರ್ಚು? ಅದೇ ಗಾಡಿಗೆ ಕಪ್ಪು ಗಾಜು, ಕಣ್ಣು ಕುಕ್ಕುವ ಬಿಳಿ ಲೈಟು, ಎದೆ ನಡುಗಿಸುವ ಸೌಂಡು ಹಾಕಿಸಲು ರೊಕ್ಕ ಎಲ್ಲಿಂದ ಬಂತು?

ದಸರೆಯಲ್ಲಿ ಗಾಡಿಗೆ ಪೂಜೆ ಮಾಡುತ್ತೇವೆ. ಮಾಡೋಣ, ಬೇಡ ಅನ್ನುವವರು ನಾವಲ್ಲ. ಆದರೆ ನಿಂಬೆಹಣ್ಣು ಇಡಲು ಟೈರಿನ ಹತ್ತಿರ ಬಗ್ಗಿದಾಗ ಆ ನಾಲ್ಕು ಅಂಕಿಯನ್ನೂ ಓದಿ. ಗೀರಿನ ಒಳಗೆ ಸಣ್ಣ ಉಬ್ಬು ಇರುತ್ತದೆ. ಟೈರು ಸವೆದು ಆ ಉಬ್ಬಿಗೆ ಸಮ ಆಯಿತೆಂದರೆ 1.6 ಮಿ.ಮೀ. ಮಾತ್ರ ಉಳಿದಿದೆ, ಅದರ ಕಾಲ ಮುಗಿಯಿತು. ಗೀರು ಇದ್ದರೂ ಹತ್ತು ವರ್ಷ ದಾಟಿದ ಟೈರು ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ನೋಡಿ. ಕಾಯಕಕ್ಕೆ ಹೆಸರಾದ ಕಲ್ಯಾಣದ ನೆಲದವರು ನಾವು. ಸ್ಟೇರಿಂಗ್ ಹಿಡಿಯುವುದೂ ಕಾಯಕವೇ, ಅದರಲ್ಲಿ ಕಳ್ಳತನ ಮಾಡಿದರೆ ಹೋಗುವುದು ನಾಲ್ಕು ಜನರ ಜೀವ.

ಗಾಡಿ ಇಲ್ಲದವರಿಗೂ ನಮ್ಮದೊಂದು ಮಾತು. ಬಾಡಿಗೆ ಜೀಪು ಹತ್ತುವ ಅಕ್ಕಂದಿರೇ, ಕಾಕಂದಿರೇ, ಹತ್ತುವ ಮೊದಲು ಒಮ್ಮೆ ಬಗ್ಗಿ ಟೈರು ನೋಡಿ. ಬೋಳಾಗಿದ್ದರೆ ಬಾಯಿ ಬಿಟ್ಟು ಕೇಳಿ: "ತಮ್ಮಾ, ಇದರ ಮ್ಯಾಲ ನಮ್ಮನ್ನ ಕರಕೊಂಡು ಹೋತೇನು?" ಒಬ್ಬರು ಕೇಳಿದರೆ ನಗುತ್ತಾನೆ. ಹತ್ತು ಮಂದಿ ಕೇಳಿ ಇಳಿದು ನಿಂತರೆ ಟೈರ್ ಬದಲಿಸುತ್ತಾನೆ.