ನೇಪಲ್ಸಿನ ಶಿಶು

ವಾಚಕರೊಬ್ಬರು ಪತ್ರ ಬರೆದು, “ಕಾಮಾಲೆಯಲ್ಲಿ ಬಗೆಬಗೆಯುಂಟೆಂದು ವೈದ್ಯರು ಹೇಳುವರು. ಕಣ್ಣು ಹಳದಿಯಾಗುವುದು ಎಲ್ಲರಿಗೂ ಒಂದೇ ತೆರನಾಗಿರುವಾಗ ಬಗೆಯನ್ನು ಅರಿಯುವುದೆಂತು?” ಎಂದು ಕೇಳಿರುವರು. ಬದುಕಿರುವವರಲ್ಲಾದರೆ ರಕ್ತಪರೀಕ್ಷೆಯಿಂದ ಅರಿಯುವರು. ಆದರೆ ಮಡಿದು ನಾಲ್ಕು ಶತಮಾನಗಳು ಸಂದ ಶಿಶುವೊಂದರಲ್ಲಿಯೂ ಇದನ್ನು ಅರಿತ ವೃತ್ತಾಂತವುಂಟು. ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ಅಡಗಿರುವುದರಿಂದ ಅದನ್ನೇ ಇಲ್ಲಿ ನಿವೇದಿಸುವೆನು.

ಇಟಲಿ ದೇಶದ ನೇಪಲ್ಸ್ ನಗರದಲ್ಲಿ ಸ್ಯಾನ್ ಡೊಮಿನಿಕೊ ಮಾಜೋರೆ ಎಂಬ ಪುರಾತನ ಇಗರ್ಜಿಯಿದೆ. ಅಲ್ಲಿ ಇರಿಸಿದ್ದ ಶವಗಳ ನಡುವೆ ಸುಮಾರು ಎರಡು ವರ್ಷದ ಮಗುವೊಂದರ ಒಣಗಿದ ದೇಹವೂ ಇದ್ದಿತು. ಅದು 16ನೆಯ ಶತಮಾನದ್ದು. ಮುಖದಲ್ಲಿಯೂ ಮೈಯಲ್ಲಿಯೂ ಗುಳ್ಳೆಗಳ ಗುರುತು. ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ಚರ್ಮವನ್ನು ನೋಡಿ, ಇದು ಸಿಡುಬಿನಿಂದ ಮಡಿದ ಮಗುವೆಂದು 1986ರಲ್ಲಿ ಪ್ರಕಟಿಸಿದರು. ಗುಳ್ಳೆಯನ್ನು ಕಂಡವರಾರು ತಾನೆ ಹಾಗೆನ್ನದಿರುವರು? ಮೂವತ್ತು ವರ್ಷಕ್ಕೂ ಮೇಲೆ ಆ ಮಾತೇ ನಿಂತಿತು.

2018ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರೂ ಅವರ ಸಹಾಯಕರೂ ಮಗುವಿನ ಚರ್ಮ ಮತ್ತು ಮೂಳೆಗಳ ಚೂರುಗಳಿಂದ ಡಿ.ಎನ್.ಎ.ಯನ್ನು ಹೊರತೆಗೆದು ಓದಿದರು. ಸಿಡುಬಿನ ಸುಳಿವೇ ಇರಲಿಲ್ಲ. ದೊರೆತುದು ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ವೈರಸ್ಸು! (ಯಕೃತ್ ಶಬ್ದದ ವಿಭಕ್ತಿರೂಪಗಳು ನನ್ನ ವಿದ್ಯಾರ್ಥಿಗಳನ್ನು ಬಾಧಿಸಿದಷ್ಟು ಆ ವೈರಸ್ಸೂ ಬಾಧಿಸಿರಲಾರದು. ವೈರಸ್ ಎಂಬ ಲ್ಯಾಟಿನ್ ಪದ ನಮ್ಮ ವಿಷಶಬ್ದದ ಒಡಹುಟ್ಟು.)

ಈ ವೈರಸ್ಸಿನ ಸಮಗ್ರ ಗ್ರಂಥವು ಸುಮಾರು 3,200 ಅಕ್ಷರಗಳಷ್ಟೇ. ತಾಳೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳಿಂದ ಇದು ಯಾವ ಪರಂಪರೆಯ ಪ್ರತಿಯೆಂದು ನಾವು ನಿರ್ಣಯಿಸುವಂತೆಯೇ ಇಲ್ಲಿಯೂ ಮಾಡುವರು. ನೂರಕ್ಕೆ ಎಂಟರಷ್ಟು ಅಕ್ಷರಗಳು ಭಿನ್ನವಾದರೆ ಅದು ಬೇರೊಂದು ಪ್ರಭೇದ. ಎ, ಬಿ, ಸಿ ಎಂದು ಅವುಗಳಿಗೆ ಹೆಸರು. ಈ ಶಿಶುವಿನದು ಡಿ ಪ್ರಭೇದವೆಂದಾಯಿತು. ಭಾರತದಲ್ಲಿ ಇಂದು ಹೆಚ್ಚಾಗಿ ಕಾಣುವುದೂ ಡಿ ಪ್ರಭೇದವೇ.

ಆದರೆ ಇಲ್ಲೊಂದು ಸಂಶಯ ತಲೆದೋರಿತು. ಶಿಶುವಿನಲ್ಲಿ ಓದಿದ ಪಾಠವು ಈಗಿನ ಡಿ ಪ್ರಭೇದದ ಪಾಠಕ್ಕೆ ಬಹಳ ಸಮೀಪವಾಗಿತ್ತು. ಇಷ್ಟು ಕಾಲ ಕಳೆದರೂ ಇಷ್ಟೇ ವ್ಯತ್ಯಾಸವೇ? ಶವವನ್ನು ಮುಟ್ಟಿದ ಈ ಕಾಲದವರಾರಿಂದಲೋ ಅಂಟಿಕೊಂಡುದಾಗಿರಬಾರದೇಕೆ? ಇದಕ್ಕೆ ಅವರು ಕಂಡುಕೊಂಡ ಸಮಾಧಾನವು ನನಗೆ ಬಹಳ ಮೆಚ್ಚಿಗೆಯಾಯಿತು. ಹಳೆಯ ಓಲೆಯು ಅಂಚಿನಲ್ಲಿ ಮೊದಲು ಶಿಥಿಲವಾಗುವಂತೆ ಹಳೆಯ ಡಿ.ಎನ್.ಎ.ಯೂ ಕಿರಿಯ ತುಂಡುಗಳಾಗಿ ಒಡೆದು, ಆ ತುಂಡುಗಳ ತುದಿಗಳಲ್ಲಿ ಸೈಟೊಸಿನ್ ಎಂಬ ಅಕ್ಷರವು ಕೆಟ್ಟು ಥೈಮಿನ್ ಎಂಬಂತೆ ಓದಲ್ಪಡುವುದು. ಹೊಸದಾಗಿ ಅಂಟಿದುದರಲ್ಲಿ ಈ ಶೈಥಿಲ್ಯ ಕಾಣದು. ಶಿಶುವಿನಲ್ಲಿದ್ದ ತುಂಡುಗಳಲ್ಲಿ ಅದು ಕಂಡಿತು. ಆದ್ದರಿಂದ ವೈರಸ್ಸು ಶಿಶುವಿನದೇ, ಪುರಾತನವಾದುದೇ.

ಹಾಗಾದರೆ ಗುಳ್ಳೆಗಳು? ಹೆಪಟೈಟಿಸ್ ಬಿ ತಗುಲಿದ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಮುಖ, ಕೈ, ಕಾಲುಗಳಲ್ಲಿ ಗುಳ್ಳೆಗಳೇಳುವುದುಂಟು; ವೈದ್ಯರು ಅದನ್ನು ಜಿಯಾನೊಟ್ಟಿ-ಕ್ರೋಸ್ಟಿ ಎಂಬವರ ಹೆಸರಿನಿಂದ ಕರೆಯುವರು. ಇದೂ ಅದೇ ಇರಬಹುದೆಂದು ಸಂಶೋಧಕರ ಊಹೆ. ಸಿಡುಬು ಇರಲೇ ಇಲ್ಲವೆಂದು ಮಾತ್ರ ಅವರು ಆಣೆಯಿಡಲಿಲ್ಲ. ದೊರೆಯದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಲ್ಲವೆಂಬ ನ್ಯಾಯವನ್ನು ಅವರೂ ಬಲ್ಲರು. ಆದರೆ ಸಿಡುಬಿನ ವೈರಸ್ಸು ಉಳಿದಿದ್ದರೆ ಇಂತಹ ಶೋಧನೆಗೆ ಸಿಕ್ಕೀತೆಂಬುದಕ್ಕೆ ಸಾಕ್ಷ್ಯವುಂಟು: ಲಿಥುವೇನಿಯಾ ದೇಶದ ವಿಲ್ನಿಯಸ್ ನಗರದ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿದ್ದ, 17ನೆಯ ಶತಮಾನದ ಇನ್ನೊಂದು ಮಗುವಿನಲ್ಲಿ ಮ್ಯಾಕ್‌ಮಾಸ್ಟರಿನವರೇ 2016ರಲ್ಲಿ ಅದನ್ನು ಓದಿದ್ದರು.